ಭಾವನವರ ಫಿಯಾಟು, ಮೋಟಾರ್ ಕಾಕಾನ ಅಂಬಾಸಿಡರು

ವಿನಯ, ಸಹನಾ,

ಹೋದ ರಜೆಯಲ್ಲಿ ನೀವಿಬ್ಬರೂ ನನ್ನ ಹೊಲಿಗೆ ಮಷೀನಿನ ಖಾನೆ ಎಳೆದು, ಗುಂಡಿ, ದಾರದ ಉಂಡೆ, ಮುರಿದ ಸೂಜಿ ಎಲ್ಲವನ್ನೂ ನೆಲದ ಮೇಲೆ ಹರವಿಕೊಂಡು ಕುಳಿತಿದ್ದಿರಿ. ಅವುಗಳ ನಡುವೆ ತೆಳುವಾದ, ಉದ್ದನೆಯ ಒಂದು ಸ್ಪ್ರಿಂಗು ಸಿಕ್ಕಿತು. ಎರಡೂ ತುದಿಗೆ ಕೊಕ್ಕೆ. "ಆಯಿ, ಇದು ಯಾತರದು?" ಎಂದು ಸಹನಾ ಕೇಳಿದಳು. ನಾನು "ಕಾರಿನದು" ಎಂದುಬಿಟ್ಟೆ. ಅಷ್ಟಕ್ಕೇ ವಿನಯ ಫೋನು ತೆಗೆದು ಒಂದು ಚಿತ್ರ ತೋರಿಸಿದ. ಹಳೆಯ ಕಾರುಗಳನ್ನು ತೊಳೆದು, ಹೊಳಪು ಕೊಟ್ಟು, ಸಾಲಾಗಿ ನಿಲ್ಲಿಸಿದ್ದರು. ನಮ್ಮ ಭಾವನವರ ಮನೆಯ ತಿಳಿನೀಲಿ ಫಿಯಾಟೂ ಅಲ್ಲಿತ್ತು. "ಆಯಿ, ನಿಮ್ಮ ಕಾಲಕ್ಕ ಯಾವುದು ಚಲೋ ಇತ್ತು? ಫಿಯಾಟೋ, ಅಂಬಾಸಿಡರೋ?"

ನಾನು ಎದ್ದು ಅಡುಗೆಮನೆಗೆ ಹೋದೆ. ನಿಮಗೆ ಬೇಸರವಾಗಿರಬೇಕು. ಸ್ಪ್ರಿಂಗು ಹಿಡಿದ ಬೆರಳಿಗೆ ಕಬ್ಬಿಣದ ವಾಸನೆ ಹತ್ತಿತ್ತು. ಸೀಗೆಪುಡಿ ಹಾಕಿ ತೊಳೆದರೂ ಹೋಗಲಿಲ್ಲ... ನನಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ಊರ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊರಬದ ಕಡೆಯ ನಮ್ಮ ಊರಿನಲ್ಲಿ ಆಗ ಇದ್ದದ್ದು ಎರಡೇ ಕಾರು. ಒಂದು, ನಿಮ್ಮ ಅಜ್ಜನ ದೊಡ್ಡಪ್ಪನ ಮಗನದು. ನನಗೆ ಭಾವನವರಾಗಬೇಕು. ಹತ್ತಿ ವ್ಯಾಪಾರ ಅವರದು. ಇನ್ನೊಂದು ನಮ್ಮ ಎದುರುಮನೆಯವರದು. ಅವರನ್ನು ಇಡೀ ಊರು ಮೋಟಾರ್ ಕಾಕಾ ಎನ್ನುತ್ತಿತ್ತು. ಚಿಕ್ಕ ವಯಸ್ಸಿನಿಂದ ಮಂದಿಯ ಲಾರಿ ಓಡಿಸಿ, ನಡುವಯಸ್ಸಿಗೆ ತಮ್ಮದೇ ಎಂದು ಒಂದು ಹಳೆಯ ಅಂಬಾಸಿಡರು ಕೊಂಡಿದ್ದರು. ಅದು ಸುತ್ತಲಿನ ಹಳ್ಳಿಗಳಿಗೆಲ್ಲ ಮದುವೆಯ ಗಾಡಿ.

ಎರಡೂ ಕಾರಿನ ಅಳತೆಯನ್ನು ನಾನು ತೆಗೆದುಕೊಂಡಿದ್ದೆ. ನಗಬೇಡಿ, ನಿಜವಾಗಿಯೇ, ಹೊಲಿಗೆಯ ಟೇಪು ಹಿಡಿದು. ಫಿಯಾಟಿನ ಸೀಟಿಗೆ ಬಿಳಿ ಕವರು ಹೊಲಿದದ್ದು ನಾನು. ಅಂಬಾಸಿಡರಿನ ಕಿಟಕಿಗೆ ಪರದೆ ಹೊಲಿಯುತ್ತಿದ್ದುದೂ ನಾನೇ. ಫಿಯಾಟು ಚಿಕ್ಕದು, ತಗ್ಗು, ಎಲ್ಲ ಕಡೆ ನೇರ ಅಂಚು. ಅದಕ್ಕೆ ಬಟ್ಟೆ ಕತ್ತರಿಸುವುದು ಸುಲಭ, ಒಂದು ಗೆರೆ ಎಳೆದರೆ ಸಾಕು. ಮುಂದಿನ ಬಾಗಿಲು ಮಾತ್ರ ಉಳಿದ ಕಾರುಗಳಂತಲ್ಲದೆ ತಿರುವುಮುರುವಾಗಿ ತೆರೆಯುತ್ತಿತ್ತು. ನಮ್ಮ ನೆಗೆಣ್ಣಿ, ಎಂದರೆ ಭಾವನವರ ಹೆಂಡತಿ, ಅದರಿಂದ ಇಳಿಯುವಾಗ ಸೀರೆಯ ನಿರಿಗೆಯೂ ಕದಲುತ್ತಿರಲಿಲ್ಲ. ಗಾಜು ಬೋಳು, ಒಳಗೆ ಕುಳಿತವರು ಹೊರಗಿನವರಿಗೆ ಕಾಣಬೇಕು ಎಂಬಂತೆ.

ಅಂಬಾಸಿಡರು ಎತ್ತರ. ಎಲ್ಲಿ ಮುಟ್ಟಿದರೂ ದುಂಡು. ಕಿಟಕಿಯ ಮೂಲೆಗಳೂ ದುಂಡು, ಅದಕ್ಕೇ ಪರದೆಯ ಅಂಚು ತಿರುಗಿಸಿ ಹೊಲಿಯುವುದು ಕಷ್ಟ. ಹಿಂದಿನ ಸೀಟು ಹಾಸಿಗೆಯ ಹಾಗೆ ಅಗಲ. ಮದಲಗಿತ್ತಿ ಗಂಡನ ಮನೆಯ ಹೊಸ್ತಿಲು ಮುಟ್ಟುವವರೆಗೆ ದಾರಿಯ ಕಣ್ಣು ಅವಳ ಮೇಲೆ ಬೀಳಬಾರದೆಂದು ನಾಲ್ಕೂ ಕಡೆ ಪರದೆ. ಆ ಪರದೆಗಳನ್ನು ಹಿಡಿದಿಡುತ್ತಿದ್ದದ್ದು ಈ ಸ್ಪ್ರಿಂಗು.

ಇಬ್ಬರೂ ಗಂಡಸರು ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು ತಮ್ಮ ತಮ್ಮ ಗಾಡಿಯ ಬಗ್ಗೆ ಜಗಳಾಡುವುದನ್ನು ಕೇಳುವುದೇ ಒಂದು ಚೆಂದ.

"ನಿಮ್ಮದು ಪ್ಯಾಟಿ ಹುಡುಗಿ ಇದ್ದಂಗರಿ ಸಾವಕಾರ್ರ," ಎನ್ನುತ್ತಿದ್ದರು ಕಾಕಾ. "ಚಪ್ಪಲಿಗೆ ರಾಡಿ ಹತ್ತೀತು ಅಂತ ಬಾಗಲದಾಗ ನಿಂದರತೈತಿ. ನಮ್ಮದು ಎಮ್ಮಿ. ರಾಡಿಯೊಳಗ ಇಳದ್ರನ ಅದಕ್ಕ ಸಮಾಧಾನ."

"ಎಮ್ಮಿ ಅಂದ್ರ ಎಮ್ಮಿನ ಬಿಡೋ," ಎನ್ನುತ್ತಿದ್ದರು ಭಾವನವರು. "ಪೆಟ್ರೋಲ್ ಕುಡಿಯೂದ್ರಾಗೂ ಎಮ್ಮಿನ."

ಆ ವರ್ಷ ದಸರೆ ಮುಗಿದಿತ್ತು, ದೀಪಾವಳಿ ಬಂದಿರಲಿಲ್ಲ. ದೀಪಾವಳಿ ದಾಟಿದರೆ ಮದುವೆಗಳು ಶುರು. ಕಾಕಾ ಹಸಿರು ಬಟ್ಟೆ ತಂದುಕೊಟ್ಟರು. ಜರಿಯ ಸಣ್ಣ ಅಂಚಿತ್ತು ಅದಕ್ಕೆ. ಹಳೆಯ ಪರದೆಗಳನ್ನು ಬಿಚ್ಚಿ, ಅಳತೆಗೆಂದು ಸ್ಪ್ರಿಂಗುಗಳ ಸಮೇತ ನನ್ನ ಕೈಗಿತ್ತರು. ಕಿಟಕಿಯ ಅಳತೆ ತೆಗೆಯಲು ಹಿಂದಿನ ಸೀಟಿನಲ್ಲಿ ಕುಳಿತಿದ್ದಾಗ ಹೊರಗಿನಿಂದ ಹೇಳಿದರು, "ಈ ಜಾಗಾದಾಗ ಕುಂತ ಹೋದ ಮದಲಗಿತ್ತಿ ಒಬ್ಬಾಕೀನೂ ಅಳಕೋತ ತವರಿಗೆ ತಿರುಗಿ ಬಂದಿಲ್ಲ ನೋಡವ್ವಾ. ಮಂದಿ ನನ್ನ ಗಾಡಿ ಕರಿಯೂದು ಅದಕ್ಕನ." ಅಷ್ಟು ಹೆಮ್ಮೆ ಅವರಿಗೆ. ಗಾಡಿ ಎಂದರೆ ಅವರಿಗೆ ಹೊಟ್ಟೆಯ ಅನ್ನ, ಮನೆಯ ದೀಪ, ಊರಿನಲ್ಲಿ ಒಂದು ಮರ್ಯಾದೆ.

ಮರುದಿನ ನಾನು ಬಟ್ಟೆ ಕತ್ತರಿಸಿ ಮಷೀನಿಗೆ ಕೊಟ್ಟಿದ್ದೆ. ನಿಮ್ಮ ಅವ್ವ ಆಗ ಇನ್ನೂ ತೊಟ್ಟಿಲ ಕೂಸು. ನಿಮ್ಮ ಅಜ್ಜ ಬೆಳಿಗ್ಗೆಯೇ ಹತ್ತಿಗೆ ಎಣ್ಣೆ ಹೊಡೆಯಲು ಹೊಲಕ್ಕೆ ಹೋಗಿದ್ದರು. ಹುಳಕ್ಕೆ ಹೊಡೆಯುವ ಔಷಧಕ್ಕೆ ನಮ್ಮಲ್ಲಿ ಎಣ್ಣೆ ಎನ್ನುತ್ತಾರೆ. ಗಾಳಿ ತಿರುಗಿತ್ತಂತೆ. ಬಾಯಿಗೆ ಬಟ್ಟೆ ಕಟ್ಟುವ ರೂಢಿ ಆಗ ಯಾರಿಗಿತ್ತು... ಮಧ್ಯಾಹ್ನ ನನ್ನ ಮೈದುನ ಅವರನ್ನು ಎತ್ತಿನ ಚಕ್ಕಡಿಯಲ್ಲಿ ಹಾಕಿಕೊಂಡು ಬಂದ. ಬಾಯಲ್ಲಿ ನೊರೆ. ಮೈಯೆಲ್ಲ ಬೆವರು. ಕಣ್ಣು ನನ್ನ ಕಡೆ ತಿರುಗಿದರೂ ನನ್ನನ್ನು ನೋಡುತ್ತಿರಲಿಲ್ಲ. ಒಂದೇ ಸಮನೆ ವಾಂತಿ.

ಊರಿನಲ್ಲಿ ಡಾಕ್ಟರಿಲ್ಲ. ಹುಬ್ಬಳ್ಳಿಯ ದೊಡ್ಡ ದವಾಖಾನೆಯೇ ಗತಿ. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ನಾನು ಓಡಿದ್ದು ಭಾವನವರ ಮನೆಗೆ. ರಕ್ತಸಂಬಂಧ, ಮೇಲಾಗಿ ಫಿಯಾಟು ಬಾಗಿಲಲ್ಲೇ ನಿಂತಿತ್ತು. ಭಾವನವರು ಉಣ್ಣುತ್ತಿದ್ದವರು ಕೈಯನ್ನೂ ತೊಳೆಯದೆ ಎದ್ದರು. ಅದನ್ನು ನಾನು ಮರೆಯಬಾರದು. ಆದರೆ ನಿಮ್ಮ ಅಜ್ಜನನ್ನು ಎತ್ತಿ ತಂದಾಗ ನೆಗೆಣ್ಣಿ ಬಾಗಿಲಿಗೆ ಅಡ್ಡ ನಿಂತರು. "ತಡೀರಿ, ತಡೀರಿ, ಗ್ವಾಣಿಚೀಲ ಹಾಸ್ತೇನಿ. ಬಿಳೀ ಕವರದಾವ." ಗೋಣಿಚೀಲ ಹುಡುಕಲು ಒಳಗೆ ಹೋದರು. ಆ ಹೊತ್ತು... ನಾನು ಹೊಲಿದ ಕವರು ಅವು. ಅವುಗಳನ್ನು ಹಲ್ಲಿನಿಂದ ಹರಿದು ಹಾಕಬೇಕೆನಿಸಿತು. ಅವರು ಚೀಲ ಹಾಸಿದ ಮೇಲೆ ನಾನೂ ಮೈದುನನೂ ಹತ್ತಿದೆವು.

ಫಿಯಾಟು ಹಗುರವಾಗಿ, ಗಾಳಿಯ ಹಾಗೆ ಓಡಿತು. ಊರ ಹೊರಗಿನ ಹಳ್ಳದವರೆಗೆ. ನಮ್ಮಲ್ಲಿ ಬಿಸಿಲು ಕಾಯುತ್ತಿತ್ತು. ಆದರೆ ಮೇಲಿನ ಸೀಮೆಯಲ್ಲಿ ಹಿಂದಿನ ದಿನ ಮಳೆ ಹೊಡೆದಿತ್ತು. ಆ ನೀರೆಲ್ಲ ಈಗ ಕೆಂಪಗೆ ಸೇತುವೆಯ ಮೇಲೆ ಹರಿಯುತ್ತಿತ್ತು. ಭಾವನವರು ಗಾಡಿಯನ್ನು ನೀರಿಗೆ ಇಳಿಸಿದರು. ಬಾಗಿಲ ಸಂದಿಯಿಂದ ನೀರು ಒಳಗೆ ಬಂದು ನನ್ನ ಪಾದ ಮುಟ್ಟಿತು. ಅವರು ಹಿಂದಕ್ಕೆ ತೆಗೆದರು. "ಆಗೂದಿಲ್ಲವ್ವಾ. ತಗ್ಗಿನ ಗಾಡಿ. ನಡುವ ನಿಂತರ ಎಲ್ಲಾರೂ ತೇಲಿ ಹೊಕ್ಕೇವಿ." ಅವರು ಹೇಳಿದ್ದು ಸುಳ್ಳಲ್ಲ. ನಾನು ದಂಡೆಯ ಮೇಲೆ ಇಳಿದು ನೀರನ್ನು ನೋಡಿದೆ. ಇನ್ನು ಯಾರನ್ನು ಕರೆಯಲಿ, ಯಾವ ದೇವರಿಗೆ ಹರಕೆ ಹೊರಲಿ, ಏನೂ ತೋಚಲಿಲ್ಲ.

ಆಗ ಹಿಂದಿನಿಂದ ಹಾರ್ನ್ ಕೇಳಿಸಿತು. ಅಂಬಾಸಿಡರಿನ ದಪ್ಪ ದನಿ. ಸುದ್ದಿ ಕೇಳಿದ ಕಾಕಾ ತಾವಾಗಿಯೇ ಬೆನ್ನು ಹತ್ತಿ ಬಂದಿದ್ದರು. ನಿಮ್ಮ ಅಜ್ಜನನ್ನು ಫಿಯಾಟಿನಿಂದ ಎತ್ತಿ ತಮ್ಮ ಗಾಡಿಯ ಹಿಂದಿನ ಸೀಟಿಗೆ ಮಲಗಿಸಿದರು. ಮೊಣಕಾಲು ಮಡಚಿದರೆ ಇಡೀ ಆಳು ಮಲಗುವಷ್ಟು ಅಗಲ ಅದು. ತಲೆ ನನ್ನ ತೊಡೆಯ ಮೇಲೆ. ಫಿಯಾಟಿನ ಸೀಟಿಗೆ ಹಾಸಿದ್ದ ಗೋಣಿಚೀಲವನ್ನು ಎಳೆದುಕೊಂಡು ಹೋಗಿ ಗಾಡಿಯ ಮೂತಿಗೆ ಅಡ್ಡ ಕಟ್ಟಿದರು, ನೀರು ಇಂಜಿನಿಗೆ ನುಗ್ಗದಿರಲಿ ಎಂದು. ಮೈದುನ ಮುಂದೆ ಕುಳಿತ. ಗಾಡಿ ನೀರಿಗಿಳಿಯಿತು. ನಡುವೆ ಒಂದು ಕಡೆ ಇಡೀ ಗಾಡಿ ಪಕ್ಕಕ್ಕೆ ಜರುಗಿತು. ಕಾಕಾ ಪೆಡಲಿನಿಂದ ಕಾಲು ಎತ್ತಲಿಲ್ಲ. ಗುರುಗುಡುತ್ತ, ಉಸಿರು ಕಟ್ಟಿದ ಹಾಗೆ ಕೆಮ್ಮುತ್ತ, ಆ ಎಮ್ಮೆ ಆಚೆಯ ದಂಡೆ ಹತ್ತಿತು. ಹಿಂತಿರುಗಿ ನೋಡಿದರೆ ಭಾವನವರು ಫಿಯಾಟಿನ ಪಕ್ಕದಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು.

ಆಮೇಲಿನದು ಎರೆಮಣ್ಣಿನ ದಾರಿ. ಗಾಲಿಗೆ ಮೆತ್ತಿಕೊಳ್ಳುವ ಆ ಮಣ್ಣಿನಲ್ಲಿ ಗಾಡಿ ತೆವಳಿತು. ಡಾಂಬರು ರಸ್ತೆ ಮುಟ್ಟುವ ಹೊತ್ತಿಗೆ ನಿಮ್ಮ ಅಜ್ಜನ ವಾಂತಿ ನಿಂತಿತ್ತು. ನಾನು ಒಳ್ಳೆಯದೆಂದುಕೊಂಡೆ. ಮೈದುನ ತಿರುಗಿ ನೋಡಿ, ನೋಡಿ, ಕೊನೆಗೆ ಹೇಳಿದ.

"ಕಾಕಾ, ಗಾಡಿ ನಿಂದರಸ್ರಿ. ಅಣ್ಣನ ಉಸರ ಬ್ಯಾರೆ ಆಗೇತಿ. ಆ ಗಿಡದ ಬುಡಕ ಇಳಸೂಣು. ನೆಲಾ ಮುಟ್ಟಲಿ."

ನಿಮಗೆ ಇದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಜೀವ ಹೋಗುವ ಹೊತ್ತಿಗೆ ಮನುಷ್ಯನನ್ನು ಹಾಸಿಗೆಯಿಂದ ಎತ್ತಿ ನೆಲಕ್ಕೆ ಮಲಗಿಸುತ್ತಾರೆ. ಗಾಡಿಯೊಳಗೆ ಜೀವ ಹೋದರೆ ಆ ಗಾಡಿ ಶುಭಕಾರ್ಯಕ್ಕೆ ಬಾರದು. ಅದರಲ್ಲಿ ಯಾವ ಮದಲಗಿತ್ತಿಯೂ ಕೂರುವುದಿಲ್ಲ. ಮೈದುನ ಕೆಟ್ಟವನಲ್ಲ. ಅಣ್ಣನಿಗೆ ನೆಲ ಸಿಗಲಿ, ಕಾಕಾನ ಗಾಡಿಯೂ ಉಳಿಯಲಿ ಎಂದು ನೋಡಿದ. ಆದರೆ ಇಳಿಸುವುದೆಂದರೆ ಮುಗಿಯಿತು ಎಂದು ಒಪ್ಪಿಕೊಂಡ ಹಾಗೆ. ಮದುವೆಯಾದ ಮೇಲೆ ಗಂಡಸರ ಮುಂದೆ ದನಿ ಎತ್ತದ ನಾನು ಅಂದು ಕಿರುಚಿದೆ.

"ಬ್ಯಾಡ್ರಿ ಕಾಕಾ! ನಿಂದರಸಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ!"

"ಉಸರ ಐತಿಲ್ಲೋ ಯವ್ವಾ?" ಕಾಕಾ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಐತ್ರಿ... ಐತ್ರಿ..."

"ಐತೆಲ್ಲಾ. ಮತ್ತ್ಯಾಕ ಇಳಸೂದು?"

"ಕಾಕಾ, ದೀಪಾವಳಿ ಮುಂದೈತಿ," ಎಂದ ಮೈದುನ. "ನಿಮ್ಮ ಮದವಿ ಬಾಡಿಗಿ ಎಲ್ಲಾ..."

"ಸುಮ್ಕ ಕುಂದರಲೇ. ಕೈ ಹಿಂದ ಚಾಚಿ ಅಣ್ಣನ ಕಾಲ ತಿಕ್ಕು, ತಣ್ಣಗಾಗಾಕತ್ತಾವ."

ಗಿಡ ಹಿಂದೆ ಹೋಯಿತು. ಮತ್ತೊಂದು ಗಿಡ ಬಂತು, ಅದೂ ಹೋಯಿತು. ಅವರು ನಿಲ್ಲಿಸಲಿಲ್ಲ. ಆ ದಾರಿಯುದ್ದಕ್ಕೂ ಎಷ್ಟು ಗಿಡಗಳಿದ್ದವು, ಎಷ್ಟು ನೆರಳಿತ್ತು...

ಹುಬ್ಬಳ್ಳಿಯ ಹೊರಗೆ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ. ಡಬ್ಬಿಯ ಹಿಂದೆ ಡಬ್ಬಿ, ಡಬ್ಬಿಯ ಹಿಂದೆ ಡಬ್ಬಿ, ಮುಗಿಯಲೇ ಇಲ್ಲ. ಕಾಕಾ ಕೆಳಗಿಳಿದು ಗೇಟಿನವನ ಮುಂದೆ ಕೈಮುಗಿದರು. ಅವನಾದರೂ ಏನು ಮಾಡಿಯಾನು? ನಮ್ಮ ಪಕ್ಕಕ್ಕೆ ಒಂದು ಬಸ್ಸು ಬಂದು ನಿಂತಿತು. ನಮ್ಮ ಸೀಮೆಯದೇ ಬಸ್ಸು. ಅದರ ಕಿಟಕಿಗಳಿಂದ ಜನ ಬಗ್ಗಿ ಬಗ್ಗಿ ಒಳಗೆ ನೋಡತೊಡಗಿದರು. ಪರದೆ ನನ್ನ ಮನೆಯಲ್ಲಿ, ಮಷೀನಿನ ಸೂಜಿಯ ಕೆಳಗಿತ್ತು. ನಾನು ಸೆರಗು ಹರಡಿ ನಿಮ್ಮ ಅಜ್ಜನ ಮುಖ ಮುಚ್ಚಲು ನೋಡಿದೆ. ಸೆರಗು ಸಾಲಲಿಲ್ಲ. ಹಾಗೆ ಎಲ್ಲರೂ ನೋಡುತ್ತಿರುವಾಗ, ನನ್ನ ತೊಡೆಯ ಮೇಲೆ, ಅವರ ತಲೆ ಇದ್ದಕ್ಕಿದ್ದಂತೆ ಭಾರವಾಯಿತು.

ನಾನು ಅಳಲಿಲ್ಲ. ಅತ್ತರೆ ಬಸ್ಸಿನವರಿಗೆ ತಿಳಿಯುತ್ತದೆ ಎಂದು ತುಟಿ ಕಚ್ಚಿ ಕುಳಿತೆ. ಅವರಿಗೆ ಆಗಲೇ ತಿಳಿದಿತ್ತು. ಒಬ್ಬಾಕೆ ಕೆನ್ನೆ ಬಡಿದುಕೊಂಡದ್ದು ಕಂಡಿತು. ಕಾಕಾ ಬಂದು ಕುಳಿತು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಬೇಕಿದ್ದರೆ ಆಗಲಾದರೂ ಇಳಿಸಬಹುದಿತ್ತು. ನೆಲದ ಮೇಲೆ ಹೋಯಿತು ಎನ್ನಬಹುದಿತ್ತು. ಗೇಟು ಎದ್ದಿತು. ಅವರು ಹಾರ್ನಿನ ಮೇಲೆ ಕೈಯಿಟ್ಟು ದವಾಖಾನೆಯ ಬಾಗಿಲು ಬರುವವರೆಗೂ ತೆಗೆಯಲಿಲ್ಲ. ಉಸಿರು ಹೋದದ್ದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಊರ ಜನರೆಲ್ಲ ಸರಿದು ದಾರಿ ಬಿಡಲಿ ಎಂದು ಆ ಗಾಡಿ ಕೂಗುತ್ತಲೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಮೈದುನ ಎಲ್ಲರ ಮುಂದೆಯೂ "ದವಾಖಾನಿಯೊಳಗ ಹೋತು" ಎಂದೇ ಹೇಳಿದ. ಬಸ್ಸಿನವರು ಮಾತ್ರ ತಾವು ಕಂಡದ್ದನ್ನೇ ಹೇಳಿದ್ದರು. ಒಂದು ದಿನ ಮಗಳ ಮದುವೆಗೆ ಗಾಡಿ ಹೇಳಿ ಹೋಗಿದ್ದ ಪಕ್ಕದೂರಿನ ಯಜಮಾನರು ಕಾಕಾನನ್ನು ಹುಡುಕಿಕೊಂಡು ಬಂದರು. ನಾನು ಒಳಗೆ ಕಿಟಕಿಯ ಬದಿಗೆ ಕುಳಿತಿದ್ದೆ. ಎದುರಿನ ಕಟ್ಟೆಯ ಮಾತು ನನಗೆ ಕೇಳಿಸುತ್ತಿತ್ತು.

"ಖರೇ ಹೇಳ್ರಿ ಕಾಕಾ. ಗಾಡಿಯೊಳಗ ಹೋತೋ, ದವಾಖಾನಿಯೊಳಗೋ? ನೀವು ದವಾಖಾನಿ ಅಂದ್ರ ಮುಗೀತು. ನಾ ಮನ್ಯಾಗೂ ಹಂಗ ಹೇಳ್ತೇನಿ."

ಪಾಪ, ಅವರು ಸುಳ್ಳಿಗೆ ದಾರಿಯನ್ನೂ ತೆರೆದು ಕೊಟ್ಟಿದ್ದರು. ನಾನು ಒಳಗೆ ಕೈಮುಗಿದೆ. ದವಾಖಾನೆ ಅನ್ನಿರಿ ಕಾಕಾ, ಅನ್ನಿರಿ...

"ಗಾಡಿಯೊಳಗರಿ," ಎಂದರು ಕಾಕಾ. "ಮದಲಗಿತ್ತಿ ಕುಂದ್ರೂ ಜಾಗಾದಾಗನ. ನಿಮ್ಮ ಮಗಳನ್ನ ಸುಳ್ಳು ಹೇಳಿ ಕುಂದರಸಲ್ರೀ?"

ಆಗ ನನಗೆ ತಿಳಿಯಿತು. ಅವರಿಗೂ ಆ ನಂಬಿಕೆ ಇತ್ತು. ನಂಬಿಕೆ ಇಲ್ಲದವರು ಧೈರ್ಯ ಮಾಡಿದರೆ ಅದು ಬೇರೆ. ಇವರು ನಂಬಿಯೂ ನಿಲ್ಲಿಸಿರಲಿಲ್ಲ.

ಆ ಹಂಗಾಮಿನಲ್ಲಿ ಒಂದೂ ಮದುವೆಗೆ ಗಾಡಿ ಹೋಗಲಿಲ್ಲ. ಕಾಕಾ ಸ್ವಾಮಿಗಳನ್ನು ಕರೆಸಿ ಪೂಜೆ ಮಾಡಿಸಿದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ತುಳಿಸಿದರು. ಮುಂಜಾನೆ ಎದ್ದು ಗಾಡಿ ತೊಳೆದು, ಬಾಗಿಲು ತೆರೆದಿಟ್ಟು, ದಾರಿ ನೋಡುತ್ತ ಕೂರುತ್ತಿದ್ದರು. ಯಾರಾದರೂ ಕಟ್ಟೆಯ ಕಡೆ ಬಂದರೆ ಎದ್ದು ನಿಲ್ಲುತ್ತಿದ್ದರು. ಬಂದವರು ಬೀಡಿಗೆ ಬೆಂಕಿ ಕೇಳಿ ಹೋಗುತ್ತಿದ್ದರು. ಅವರ ಮನೆಯ ಒಲೆಯ ಹೊಗೆ ದಿನಕ್ಕೊಮ್ಮೆ ಮಾತ್ರ ಏಳುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ನಾನೂ ಹೊಸ್ತಿಲು ದಾಟುತ್ತಿರಲಿಲ್ಲ. ಒಂದೇ ಬೀದಿಯ ಆಚೆ ಈಚೆ ನಾವಿಬ್ಬರೂ ಒಂದೇ ದಿನ ಅಶುಭವಾದವರು.

ಬೇಸಿಗೆಯಲ್ಲಿ ಅವರ ಸ್ವಂತ ಮಗಳ ಮದುವೆ ಬಂತು. ಬೀಗರು ಆ ಗಾಡಿಗೆ ಒಪ್ಪಲಿಲ್ಲ. ಭಾವನವರು ಫಿಯಾಟು ಕೊಟ್ಟರು. ಆದರೆ ಅವರಿಗೆ ಅಂದು ಮೈಯಲ್ಲಿ ಹುಷಾರಿರಲಿಲ್ಲ, ಓಡಿಸುವವರು ಬೇರೆ ಯಾರೂ ಇರಲಿಲ್ಲ. ಕಾಕಾನೇ ಓಡಿಸಿದರು. ಅಷ್ಟು ಊರಿನ ಹೆಣ್ಣುಮಕ್ಕಳನ್ನು ಪರದೆಯೊಳಗೆ ಕೂರಿಸಿ ಕಳಿಸಿದ ಮನುಷ್ಯ ತನ್ನ ಮಗಳನ್ನು ಪರರ ಗಾಡಿಯಲ್ಲಿ, ಬೋಳು ಗಾಜಿನೊಳಗೆ ಕೂರಿಸಿಕೊಂಡು ನನ್ನ ಕಿಟಕಿಯ ಮುಂದೆ ಹಾದುಹೋದರು. ತಲೆಗೆ ಪಟಗ ಸುತ್ತಿದ್ದರು. ಬೇವಿನ ಗಿಡದ ಕೆಳಗೆ ನಿಂತ ಅಂಬಾಸಿಡರಿನ ಕಡೆ ಮುಖ ತಿರುಗಿಸಲಿಲ್ಲ. ನಾನು ಕಿಟಕಿಯಿಂದ ಹಿಂದೆ ಸರಿದೆ.

ಅದಾದ ಮೇಲೆ ಒಂದು ಸಂಜೆ ಕಾಕಾ ನನ್ನ ಹೊಸ್ತಿಲ ಹೊರಗೆ ಬಂದು ನಿಂತರು.

"ಆ ಹಸರ ಬಟ್ಟಿ ಐತೇನವ್ವಾ? ಹೊಲದು ಕೊಡು."

ಮಷೀನಿಗೆ ನಾನು ಅಂದಿನಿಂದ ಕೈ ಹಚ್ಚಿರಲಿಲ್ಲ. ಅರ್ಧ ಹೊಲಿದ ಪರದೆ ಸೂಜಿಯ ಕೆಳಗೇ ಧೂಳು ತಿನ್ನುತ್ತಿತ್ತು. "ಐತ್ರಿ ಕಾಕಾ... ಆದ್ರ ನನ್ನ ಕೈಲೆ ಹೊಲದದ್ದು..."

"ನಿನ್ನ ಕೈಲೇನ ಆಗಬೇಕು. ಹೆಣಾ ತರಾಕ ಕರಿಯಾಕತ್ತಾರವ್ವಾ ಮಂದಿ. ಡಾಕ್ಟರ್ ಕೈಬಿಟ್ಟವರನ್ನ ಮನೀಗೆ ಒಯ್ಯಾಕ ಕರಿತಾರ. ಬ್ಯಾರೆದಕ್ಕ ಕರಿಯೂದಿಲ್ಲ. ಗೇಟಿನ್ಯಾಗ ನಿಂತಾಗ ಮಂದಿ ಇಣಕತಾರ. ಬಾಜೂಕ ಕುಂತ ಹೆಣ್ಣಮಗಳು ಅಳಾಕರ ಒಂದು ಮರೆ ಬೇಕಲ್ಲ."

ಅವರು ಹೋದ ಮೇಲೆ ನಾನು ಮಷೀನಿನ ಧೂಳು ಒರೆಸಿದೆ. ಎಣ್ಣೆ ಬಿಟ್ಟೆ. ಅಂದು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹೊಲಿಗೆ ಮುಂದುವರಿಸಿದೆ. ಜರಿಯ ಅಂಚನ್ನು ತೆಗೆಯಲೇ ಎಂದುಕೊಂಡೆ, ತೆಗೆಯಲಿಲ್ಲ. ಗೇಟಿನಲ್ಲಿ ಬಾರದ ಅಳು ಆಗ ಬಂತು. ಅಳುತ್ತಲೇ ತುಳಿದೆ. ಮಷೀನಿನ ಸದ್ದು ಕೇಳಿಸಿತೇನೋ, ಮರುದಿನದಿಂದ ಬೀದಿಯವರು ಒಂದೊಂದೇ ಕುಪ್ಪಸ ತರತೊಡಗಿದರು. ನಿಮ್ಮ ಅವ್ವನನ್ನು ಸಾಕಿದ್ದು, ಓದಿಸಿದ್ದು ಆ ಮಷೀನೇ.

ಅಂಬಾಸಿಡರು ಕೆಲವು ವರ್ಷ ಹಾಗೆಯೇ ಓಡಿತು. ಹಸಿರು ಪರದೆ ಎಳೆದುಕೊಂಡು ಅದು ಊರೊಳಗೆ ಬಂದರೆ ಮಂದಿ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಕಾಕಾ ಸೊರಗಿದರು, ಮಾತು ಕಡಿಮೆಯಾಯಿತು. ಎಮ್ಮೆಯ ಮಾತನ್ನಂತೂ ಮತ್ತೆ ಆಡಲಿಲ್ಲ. ಕೊನೆಗೆ ಗಾಡಿ ಗುಜರಿಗೆ ಹೋಗುವ ದಿನ ಪರದೆಗಳನ್ನು ಒಗೆದು, ಮಡಚಿ, ಸ್ಪ್ರಿಂಗುಗಳ ಸಮೇತ ನನ್ನ ಹೊಸ್ತಿಲ ಮೇಲೆ ಇಟ್ಟುಹೋದರು. ನಾನು ಏನಾದರೂ ಅನ್ನಬೇಕಿತ್ತು. ಪರದೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಮುಂದಿನ ಮಳೆಗಾಲಕ್ಕೆ ಅವರು ತೀರಿಕೊಂಡರು. ತಮ್ಮ ಮನೆಯಲ್ಲೇ, ನೆಲದ ಮೇಲೆ. ಕರೆದೊಯ್ಯಲು ಗಾಡಿ ಇರಲಿಲ್ಲ. ನಾಲ್ಕು ಜನ ಹೊತ್ತು, ರಾಡಿಯಲ್ಲಿ ಜಾರುತ್ತ ನಡೆದರು.

ವಿನಯ, ಫಿಯಾಟು ಚೆಂದದ ಕಾರು. ಅದರಲ್ಲಿ ದೋಷ ಹುಡುಕಬೇಡ. ಅದು ಉಳಿದಿದೆ, ಹೊಳೆಯುತ್ತಿದೆ, ಸಂತೋಷ. ಅಂಬಾಸಿಡರಿನದು ಈಗ ಒಂದು ಚಿತ್ರವೂ ಇಲ್ಲ. ಅದು ಹೇಗಿತ್ತು ಎಂದು ಯಾರಾದರೂ ಕೇಳಿದರೆ, ನಿಲ್ಲಲಿಲ್ಲ ಎಂದಷ್ಟೇ ಹೇಳು.

ಪರದೆಗಳು ಜೀರ್ಣವಾಗಿ ಹೋದವು. ಉಳಿದ ಸ್ಪ್ರಿಂಗುಗಳನ್ನು ಮನೆಯ ಕಿಟಕಿಗಳಿಗೆ ಹಾಕಿದೆ, ಅವೂ ತುಕ್ಕು ಹಿಡಿದವು. ಇದೊಂದೇ ಈಗ. ನಾನಿಲ್ಲದಾಗ ಮಷೀನನ್ನು ಯಾರಿಗಾದರೂ ಕೊಟ್ಟರೂ ಖಾನೆಯನ್ನು ಮೊದಲು ಬರಿದು ಮಾಡಿಕೊಳ್ಳಿ. ಈ ಹಾಳೆಗಳನ್ನು ಸುರುಳಿ ಸುತ್ತಿ, ಆ ಸ್ಪ್ರಿಂಗಿನಿಂದ ಬಿಗಿದು, ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಮಕ್ಕಳೇ. ನೀರು ತಾಗದ ಕಡೆ.